ಎಣ್ಣೆಗಿಂತ ಮೊದಲು ಪಾತ್ರೆಗಳು

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: 2 ಅರಸುಗಳು 4:1–7

 

ಈ ವಾಕ್ಯಭಾಗ ನಿಮಗೆ ಹೊಸದಲ್ಲ. ಎಲೀಷ, ವಿಧವೆ, ಎಣ್ಣೆಯ ಅದ್ಭುತ. ಅಭಿಷೇಕದ ಬಗ್ಗೆ ಮಾತಾಡುವಾಗೆಲ್ಲಾ ನಾವು ಇದನ್ನ ತೆರೀತೀವಿ. ಇವತ್ತು ಎಣ್ಣೆಯನ್ನ ಸ್ವಲ್ಪ ಪಕ್ಕಕ್ಕಿಟ್ಟು, ಆ ಮನೆಯ ಇಬ್ಬರು ಗಂಡುಮಕ್ಕಳನ್ನ ನೋಡೋಣ.

ಮೊದಲನೇ ವಚನ ಗಮನಿಸಿ. ಗಂಡ ತೀರಿಹೋಗಿದ್ದಾನೆ. ದೇವರಿಗೆ ಭಯಪಟ್ಟು ನಡೆದವನು, ಪ್ರವಾದಿಗಳ ಗುಂಪಿನವನು. ಆದರೂ ಸಾಲ ಉಳಿದಿದೆ. ಸಾಲ ಕೊಟ್ಟವನು ಬಂದು ಕೇಳ್ತಿರೋದು ಹಣ ಅಲ್ಲ, ಮಕ್ಕಳನ್ನ. ಇಬ್ಬರನ್ನೂ ಗುಲಾಮರಾಗಿ ಎಳಕೊಂಡು ಹೋಗೋಕೆ ನಿಂತಿದ್ದಾನೆ.

ಇದು ಹಳೇ ಕಾಲದ ಕಥೆ ಅಂತ ಅನ್ಕೋಬೇಡಿ. ಬೆಂಗಳೂರಿನ ಸಿಗ್ನಲ್‌ನಲ್ಲಿ ಪೆನ್ನು ಮಾರೋ ಹುಡುಗಿ, ಮೆಜೆಸ್ಟಿಕ್ ಹತ್ತಿರ ಚಿಂದಿ ಆಯೋ ಹುಡುಗ, ಇವರಿಗೆಲ್ಲಾ ಯಾರೂ ಇಲ್ಲ ಅಂತ ನಾವು ಭಾವಿಸ್ತೀವಿ. ಮನೆ ಬಿಟ್ಟು ಓಡಿಬಂದವರು, ನಿಜವಾಗಿ ಅನಾಥರಾದವರು ಇದ್ದಾರೆ. ಆದರೆ ಎಷ್ಟೋ ಮಕ್ಕಳಿಗೆ ಅಮ್ಮ ಇದ್ದಾಳೆ, ಶೀಟ್ ಹಾಕಿದ ಒಂದು ಮನೆ ಇದೆ, ಆ ಮನೆ ಮೇಲೆ ಮೀಟರ್ ಬಡ್ಡಿ ಸಾಲವೂ ಇದೆ. ಮಗು ಬೀದಿಗೆ ಬರೋ ಮೊದಲು ಕುಟುಂಬ ಬಿದ್ದಿರುತ್ತೆ.

ನಮ್ಮ ಸಭೆಯವರು ಭೇಟಿ ಮಾಡೋ ಒಂದು ಕಾಲೊನಿಯಲ್ಲಿ ಒಬ್ಬ ತಾಯಿ ಇದ್ದಾರೆ. ಯಾದಗಿರಿ ಕಡೆಯಿಂದ ಗುಳೆ ಬಂದವರು. ಗಂಡನಿಗೆ ಕಟ್ಟಡ ಕೆಲಸದಲ್ಲಿ ಪೆಟ್ಟಾಯ್ತು, ಆಸ್ಪತ್ರೆ ಖರ್ಚಿಗೆ ಸಾಲ ಮಾಡಿದರು. ಏಳನೇ ಕ್ಲಾಸಿನ ಮಗ ಶಾಲೆ ಬಿಟ್ಟು ಗ್ಯಾರೇಜ್ ಸೇರಿದ. “ಕಳಿಸಬಾರದು ಅಂತ ನನಗೂ ಗೊತ್ತು ಪಾಸ್ಟರ್, ಸಂಜೆ ಬಾಗಿಲಿಗೆ ಬಂದು ನಿಲ್ತಾರಲ್ಲ, ಅವರಿಗೆ ಏನು ಹೇಳಲಿ?” ಅಂತ ಕೇಳಿದರು. ಎರಡು ಅರಸುಗಳು ನಾಲ್ಕನೇ ಅಧ್ಯಾಯವನ್ನೇ ನಾನು ಆ ಬಾಗಿಲಲ್ಲಿ ಕೇಳಿಸಿಕೊಂಡೆ.

ಈ ಭಾಗದಿಂದ ಮೂರು ಸಂಗತಿ ಕಲಿಯೋಣ.

1. ಎಲೀಷನು ಮೊದಲು ಕೇಳಿದನು

ನಿನಗೆ ನಾನೇನು ಮಾಡಬೇಕು, ಮನೆಯಲ್ಲಿ ಏನಿದೆ ಅಂತ ಕೇಳ್ತಾನೆ. ಆಕೆಯನ್ನ ಬರಿಗೈಯವಳು ಅಂತ ನೋಡಲಿಲ್ಲ. ಇದ್ದ ಒಂದು ಕುಡಿಕೆ ಎಣ್ಣೆಯಿಂದಲೇ ಕರ್ತನು ಶುರುಮಾಡಿದನು. ನಾವು ಏನ್ಮಾಡ್ತೀವಿ? ಕ್ರಿಸ್ಮಸ್ ವಾರ ಕಂಬಳಿ, ಬಿರಿಯಾನಿ ಪೊಟ್ಟಣ ತಗೊಂಡು ಹೋಗ್ತೀವಿ, ಮಕ್ಕಳ ಜೊತೆ ಸೆಲ್ಫಿ, ರಾತ್ರಿಗೆ ರೀಲ್ಸ್. ಕಂಬಳಿ ಕೊಡೋದು ತಪ್ಪಲ್ಲ. ಆದರೆ ಆ ಮುಖ ನಮ್ಮ ಸೇವೆಯ ಜಾಹೀರಾತಲ್ಲ. ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡೋದನ್ನ 2015ರ ಬಾಲನ್ಯಾಯ ಕಾಯ್ದೆಯೂ ತಡೆಯುತ್ತೆ. ಕೂತು ಕೇಳಿ: ಅಕ್ಕ, ನಿಮಗೆ ಯಾವ ಕೆಲಸ ಬರುತ್ತೆ? ರೇಷನ್ ಕಾರ್ಡ್ ಇದೆಯಾ? ಮಗು ಯಾವ ಶಾಲೆ?

2. ನೆರೆಯವರು ಪಾತ್ರೆ ಕೊಟ್ಟರು

ಎಣ್ಣೆ ಕೊಟ್ಟವನು ದೇವರು, ಪಾತ್ರೆ ಕೊಟ್ಟವರು ಅಕ್ಕಪಕ್ಕದವರು. ಪಾತ್ರೆ ಮುಗಿದಾಗ ಎಣ್ಣೆ ನಿಂತುಹೋಯ್ತು. ಅಂದರೆ ಬೀದಿಯವರು ಬಾಗಿಲು ಹಾಕಿಕೊಂಡಿದ್ದರೆ ಏನಾಗ್ತಿತ್ತು? ಇದು ನನ್ನನ್ನ ನಡುಗಿಸೋ ಮಾತು. ಇನ್ನೊಂದು ನೋಡಿ, ಗುಲಾಮರಾಗಬೇಕಿದ್ದ ಆ ಹುಡುಗರೇ ಅಮ್ಮನ ಕೈಗೆ ಪಾತ್ರೆ ತಂದುಕೊಟ್ಟರು. ಅದ್ಭುತದಲ್ಲಿ ಅವರಿಗೂ ಪಾಲಿತ್ತು.

ನಿಮ್ಮ ಹತ್ತಿರ ಇರೋ ಪಾತ್ರೆ ಯಾವುದು? ಶನಿವಾರದ ಎರಡು ಗಂಟೆ, ಗಣಿತ, ಬೈಕು, ಅರ್ಜಿ ತುಂಬೋ ಇಂಗ್ಲಿಷ್. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆ ಉಚಿತ. ಜನನ ಪ್ರಮಾಣಪತ್ರ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ. ಶಾಲೆ ಬಿಟ್ಟ ಮಗುವನ್ನ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಈ ಮಾತು ಆ ತಾಯಿಗೆ ಗೊತ್ತಿಲ್ಲ. ನಿಮಗೆ ಗೊತ್ತು. ಅವರ ಜೊತೆ ಶಾಲೆಯ ಆಫೀಸಿನವರೆಗೆ ನಡೆಯಿರಿ, ಅದೇ ಒಂದು ಪಾತ್ರೆ.

ಒಂಟಿಯಾಗಿ ಅಲೆಯೋ ಮಗು ಕಂಡರೆ ಪ್ರೀತಿಯಿಂದಲೂ ನಿಮ್ಮ ರೂಮಿಗೆ ಕರಕೊಂಡು ಹೋಗಬೇಡಿ. 1098ಕ್ಕೆ ಕರೆ ಮಾಡಿ, ಹಗಲು ರಾತ್ರಿ ಯಾವಾಗಲೂ ಉಚಿತ. ಸಿಕ್ಕ ಮಗುವನ್ನ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅವರು ಬರೋವರೆಗೆ ಮಗುವಿನ ಪಕ್ಕ ನಿಂತಿರಿ.

3. ಸಾಲ ತೀರಿತು, ಬದುಕೂ ಉಳಿಯಿತು

ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಜೀವನ ಮಾಡಿ ಅಂದನು. ಒಂದು ಹೊತ್ತಿನ ಊಟಕ್ಕೆ ದೇವರು ನಿಲ್ಲಿಸಲಿಲ್ಲ. ಮಕ್ಕಳು ಅಮ್ಮನ ಜೊತೆಯೇ ಉಳಿದರು. ಮಗುವನ್ನ ಹಾಸ್ಟೆಲ್‌ಗೆ ಹಾಕೋದೇ ಯಾವಾಗಲೂ ಉತ್ತರ ಅಲ್ಲ. ಮನೆ ನಿಂತರೆ ಮಗು ಮನೆಯಲ್ಲೇ ನಿಲ್ಲುತ್ತೆ.

ಕೆಲವರು ಹೇಳ್ತಾರೆ, “ಪಾಸ್ಟರ್, ಇದು ಸಮಾಜಸೇವೆ, ನಮಗೆ ಬೇಕಾಗಿರೋದು ಉಜ್ಜೀವನ.” ಪಂಡಿತಾ ರಮಾಬಾಯಿ ಅವರನ್ನ ನೆನಪು ಮಾಡಿಕೊಳ್ಳಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ತಂದೆತಾಯಿಯನ್ನ ಬರಗಾಲದಲ್ಲಿ ಕಳಕೊಂಡವರು. 1896–97ರ ಕ್ಷಾಮದಲ್ಲಿ ಹಸಿದ ನೂರಾರು ಹುಡುಗಿಯರನ್ನ, ವಿಧವೆಯರನ್ನ ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಆಶ್ರಯ ಕೊಟ್ಟರು. 1905ರಲ್ಲಿ ಪವಿತ್ರಾತ್ಮನ ಉಜ್ಜೀವನ ಬಂದದ್ದು ಅದೇ ಮುಕ್ತಿ ಮಿಷನ್‌ನ ಹುಡುಗಿಯರ ಮಧ್ಯದಲ್ಲಿ. ಅನ್ನದ ಪಾತ್ರೆ ಇದ್ದ ಮನೆಯಲ್ಲೇ ಬೆಂಕಿ ಇಳಿಯಿತು. ಹಲ್ಲೆಲೂಯಾ!

ಒಂದು ಎಚ್ಚರಿಕೆ. ಟ್ಯೂಷನ್ ಕೊಟ್ಟದ್ದಕ್ಕೆ ಪ್ರತಿಯಾಗಿ ಯಾರೂ ಸಭೆಗೆ ಬರಬೇಕು ಅಂತ ಕೇಳಬೇಡಿ. ಕುಷ್ಠ ವಾಸಿಯಾದ ಹತ್ತು ಜನರಲ್ಲಿ ತಿರುಗಿ ಬಂದವನು ಒಬ್ಬನೇ. ಯೇಸು ಉಳಿದ ಒಂಬತ್ತು ಜನರ ಸ್ವಸ್ಥತೆಯನ್ನ ವಾಪಸ್ ತಗೊಳ್ಳಲಿಲ್ಲ.

ಈ ವಾರ ನಿಮ್ಮ ಸೆಲ್ ಗ್ರೂಪ್‌ನಲ್ಲಿ ಒಂದೇ ಒಂದು ಕುಟುಂಬವನ್ನ ಆರಿಸಿಕೊಳ್ಳಿ. ಹತ್ತು ಬೇಡ. ಒಂದು ವರ್ಷ ಬಿಡದೆ ಹೋಗಿಬನ್ನಿ. ಒಬ್ಬರೇ ಹೋಗಬೇಡಿ, ಇಬ್ಬಿಬ್ಬರಾಗಿ ಹೋಗಿ. ಆಗದ ಮಾತು ಕೊಡಬೇಡಿ. ಬರ್ತೀನಿ ಅಂದ ಶನಿವಾರ ತಪ್ಪಿಸಬೇಡಿ. ಎಷ್ಟೋ ಜನ ಬಂದು ಹೋದದ್ದನ್ನ ಆ ಮಕ್ಕಳು ಈಗಾಗಲೇ ನೋಡಿದ್ದಾರೆ.

ಪ್ರಾರ್ಥಿಸೋಣ. ತಂದೆಯೇ, ದಿಕ್ಕಿಲ್ಲದವರ ತಂದೆ ನೀನು. ನಮ್ಮ ನಗರದಲ್ಲಿ ಇವತ್ತು ಸಾಲಗಾರನ ಕಾಲ ಸಪ್ಪಳಕ್ಕೆ ನಡುಗೋ ತಾಯಂದಿರನ್ನ ಕಾಪಾಡು. ನಮ್ಮ ಮನೆಗಳಲ್ಲಿ ಮೂಲೆಗಿಟ್ಟ ಪಾತ್ರೆಗಳನ್ನ ನಮಗೆ ತೋರಿಸು. ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನದಂತೆ ಕೃಪೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.