ಕೈತೋಟಕ್ಕೊಂದು ಸಾಮಾನು ಗುಡಿಸಲು

ಮಕ್ಕಳೇ, ನಿಮ್ಮ ಶಾಲೆಯ ಕೈತೋಟದ ಸಲಿಕೆ, ಗುದ್ದಲಿ, ಕುಡಗೋಲುಗಳನ್ನು ಎಲ್ಲಿ ಇಡುತ್ತೀರಿ? ಮಳೆಯಲ್ಲಿ ನೆನೆದರೆ ಕಬ್ಬಿಣಕ್ಕೆ ತುಕ್ಕು, ಹಿಡಿಕೆಗೆ ಗೆದ್ದಲು. ಅವಕ್ಕೊಂದು ಚಿಕ್ಕ ಗುಡಿಸಲು ಕಟ್ಟೋಣವೇ? ನಮ್ಮ ಯಲಬುರ್ಗಾ ಕಡೆ ಜಾಲಿಯ ಗೂಟ, ತೊಗರಿ ಕಟ್ಟಿಗೆ, ಮಣ್ಣು, ಸಗಣಿಗೆ ಬರವಿಲ್ಲ. ಕೊಳ್ಳಬೇಕಾದುದು ತಂತಿ, ಮೊಳೆ ಮತ್ತು ಯಾರಾದರೂ ಬಿಚ್ಚಿಟ್ಟ ಹಳೆಯ ತಗಡು.

ಮೊದಲು ನೆಲದ ಮೇಲೆ 8 ಅಡಿ ಉದ್ದ, 6 ಅಡಿ ಅಗಲದ ಆಯತ ಬರೆಯಿರಿ. ಮೂಲೆಗಳು ಲಂಬವಾಗಿವೆಯೇ? ಎದುರುಬದುರು ಮೂಲೆಗಳಿಗೆ ಹಗ್ಗ ಹಿಡಿಯಿರಿ. ಎರಡೂ ಕರ್ಣಗಳು ಸರಿಯಾಗಿ 10 ಅಡಿ ಬರಬೇಕು. 6×6 ಮತ್ತು 8×8 ಕೂಡಿಸಿ, 10×10ರೊಂದಿಗೆ ಹೋಲಿಸಿ ನೋಡಿ. ಈ ಲೆಕ್ಕ ಬೌಧಾಯನನ ಶುಲ್ಬಸೂತ್ರದಲ್ಲಿದೆ. ಶುಲ್ಬ ಎಂದರೆ ಹಗ್ಗವೇ!

ಕಂಬ ನೆಡುವ ಮೊದಲು ಒಂದು ಪ್ರಯೋಗ. ನಾಲ್ಕು ತೊಗರಿ ಕಡ್ಡಿಗಳನ್ನು ದಾರದಿಂದ ಕಟ್ಟಿ ಚೌಕ ಮಾಡಿ. ಒಂದು ಮೂಲೆಯನ್ನು ನೂಕಿ. ಚೌಕ ವಾಲಿ ವಜ್ರಾಕೃತಿಯಾಯಿತಲ್ಲವೇ? ಈಗ ಮೂರು ಕಡ್ಡಿಗಳ ತ್ರಿಭುಜವನ್ನು ನೂಕಿ. ಅದು ಜಗ್ಗುವುದಿಲ್ಲ. ಬಾಹುಗಳ ಉದ್ದ ಬದಲಾಗದೆ ತ್ರಿಭುಜದ ಕೋನ ಬದಲಾಗಲಾರದು. ನಾಲ್ಕು ಕಂಬಗಳ ಗುಡಿಸಲು ಎಂದರೆ ನಾಲ್ಕು ಕಡೆಯೂ ಚೌಕಟ್ಟುಗಳೇ. ಬಾಗಿಲ ಕಡೆ ಬಿಟ್ಟು ಉಳಿದ ಮೂರೂ ಕಡೆ ಓರೆಯಾಗಿ ಒಂದೊಂದು ಕಟ್ಟಿಗೆ ಬಿಗಿದರೆ ಪ್ರತಿ ಚೌಕಟ್ಟು ಎರಡು ತ್ರಿಭುಜವಾಗುತ್ತದೆ. ಮೂರು ಕಟ್ಟಿಗೆಯ ಖರ್ಚು, ಅಷ್ಟೇ.

ಇನ್ನು ಛಾವಣಿ. ಇಲ್ಲಿ ಎಚ್ಚರ ಬೇಕು. ತಗಡನ್ನು ಹಾಸಿ ಮೇಲೆ ಕಲ್ಲು ಹೇರುವುದು ನಮ್ಮಲ್ಲಿ ರೂಢಿ. ಕಾಗದದ ಪಟ್ಟಿಯೊಂದನ್ನು ಕೆಳತುಟಿಗೆ ಹಿಡಿದು ಅದರ ಮೇಲೆ ಜೋರಾಗಿ ಊದಿ. ಜೋತಿದ್ದ ಕಾಗದ ಏಳುತ್ತದೆ! ಅದರ ಬೆನ್ನಿನ ಮೇಲೆ ಬಾಗಿ ಹರಿಯುವ ಗಾಳಿಯ ಒತ್ತಡ ಕಡಿಮೆಯಾಗಿ, ಕೆಳಗಿನ ಗಾಳಿ ನೂಕುತ್ತದೆ. ಅಡ್ಡಮಳೆಯ ಬಿರುಗಾಳಿ ಛಾವಣಿಗೆ ಮಾಡುವುದೂ ಇದನ್ನೇ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 24 ಕಿಲೋಗ್ರಾಂ ತೂಕಕ್ಕೆ ಸಮ. ಅರ್ಧ ಮಿಲಿಮೀಟರ್ ದಪ್ಪದ ತಗಡು ಅಷ್ಟೇ ಜಾಗದಲ್ಲಿ ತೂಗುವುದು 5 ಕಿಲೋಗ್ರಾಮಿಗೂ ಕಡಿಮೆ. ಗೆಲ್ಲುವವರು ಯಾರು? ತಗಡು ಹಾರಿದರೆ ಮೇಲಿನ ಕಲ್ಲುಗಳು ಕೆಳಗಿದ್ದವರ ತಲೆಯ ಮೇಲೇ ಉರುಳುತ್ತವೆ. ಆದ್ದರಿಂದ ತಗಡನ್ನು ಅಡ್ಡತೊಲೆಗೆ, ತೊಲೆಯನ್ನು ಕಂಬಕ್ಕೆ ತಂತಿಯಿಂದ ಬಿಗಿಯಬೇಕು. ಕಂಬ ಎರಡಡಿಯಾದರೂ ನೆಲದೊಳಗಿರಬೇಕು. ಕಂಬ ನೆಡುವುದು, ತಗಡು ಏರಿಸುವುದು ದೊಡ್ಡವರ ಕೆಲಸ. ನೀವು ಅಳತೆ ಮಾಡಿ, ಗಂಟು ಪರೀಕ್ಷಿಸಿ.

ಗೋಡೆಗೆ ತೊಗರಿ ಕಟ್ಟಿಗೆಯ ತಟ್ಟಿ ಸಾಕು. ನನ್ನನ್ನು ಕೇಳಿದರೆ ತಗಡಿನ ಗೋಡೆಗಿಂತ ಇದೇ ಮೇಲು, ಬೇಸಿಗೆಯಲ್ಲಿ ಕಾಯುವುದಿಲ್ಲ. ಮೆತ್ತಲು ಯಾವ ಮಣ್ಣು? ಎರೆ ಮಣ್ಣಿನದೊಂದು, ಮಸಾರಿಯದೊಂದು ಉಂಡೆ ಕಟ್ಟಿ ನೆರಳಲ್ಲಿ ವಾರ ಒಣಗಿಸಿ. ಎರೆಯ ಜೇಡಿ ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಯಾವ ಉಂಡೆ ಹೆಚ್ಚು ಬಿರಿಯಿತೆಂದು ನೋಡಿ, ಇನ್ನೊಂದನ್ನು ಸಗಣಿ, ಹೊಟ್ಟಿನೊಂದಿಗೆ ಕಲಸಿ ಮೆತ್ತಿ. ಕೀಟನಾಶಕದ ಡಬ್ಬಿಗಳನ್ನು ಮಾತ್ರ ಈ ಗುಡಿಸಲಿನಲ್ಲಿ ಇಡಬೇಡಿ.