ಕವಡೆ ಸರದ ಅಜ್ಜನನ್ನು ಕಂಡು ಬಾ

ಮಗೂ, ಬಾರ್ಬಡೋಸ್‌ಗೆ ಹೊರಟಿದ್ದೀಯ. ಕಡಲಲ್ಲಿ ಮನಸಾರೆ ಈಜು, ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನವನ್ನೂ ನೋಡು. ಆದರೆ ಒಂದು ಬೆಳಗನ್ನು ಬ್ರಿಜ್‌ಟೌನ್‌ನ ಗ್ಯಾರಿಸನ್‌ನಲ್ಲಿರುವ ಬಾರ್ಬಡೋಸ್ ಮ್ಯೂಸಿಯಂಗೆ ಮೀಸಲಿಡು. ವಾಪಸ್ ವಿಮಾನ ಹತ್ತುವ ದಿನಕ್ಕೆ ಅದನ್ನು ತಳ್ಳಬೇಡ. ಹೋದ ಹೊಸತರಲ್ಲೇ ನೋಡಿದರೆ, ಆಮೇಲೆ ದಾರಿಯಲ್ಲಿ ಕಾಣುವ ಕಬ್ಬಿನ ಗದ್ದೆಯೂ ನಿನ್ನ ಜೊತೆ ಮಾತಾಡುತ್ತದೆ.

ಆ ಕಟ್ಟಡ ಹಿಂದೆ ಬ್ರಿಟಿಷ್ ಸೈನ್ಯದ ಸೆರೆಮನೆಯಾಗಿತ್ತು. ಒಳಗೆ ತೋಟದ ದೊರೆಗಳ ಮನೆ ಹೇಗಿತ್ತೆಂದು ತೋರಿಸಲು ಕೋಣೆಗಳನ್ನು ಸಜ್ಜುಗೊಳಿಸಿದ್ದಾರೆ. ಅಲ್ಲಿನ ಹೊಳೆಯುವ ಮೇಜು ಕಂಡಾಗ, ಅದನ್ನು ದಿನವೂ ಒರೆಸಿದ ಕೈ ಯಾರದ್ದು ಎಂದು ನಿನ್ನನ್ನೇ ಕೇಳಿಕೋ. 1640ರ ದಶಕದಲ್ಲಿ ಆ ದ್ವೀಪದಲ್ಲಿ ಕಬ್ಬಿನ ಬೇಸಾಯ ಹಬ್ಬಿತು. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಜನ ಹಗಲು ಕಬ್ಬು ಕಡಿದರು, ಸುಗ್ಗಿಯಲ್ಲಿ ರಾತ್ರಿಯಿಡೀ ಕುದಿಯುವ ಕೊಪ್ಪರಿಗೆಗಳ ಮುಂದೆ ನಿಂತರು. ಆಲೆಮನೆ ಕಂಡವರಿಗೆ ಆ ಕಾವು ಎಂಥದೆಂದು ಗೊತ್ತು. ಗುಲಾಮಗಿರಿಯಿಂದ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಅದಕ್ಕೆ ಮುಂಚೆ ತೋಟದ ಲೆಕ್ಕದಲ್ಲಿ ಅವರ ಹೆಸರು ದನಕರುಗಳ ಪಟ್ಟಿಯ ಪಕ್ಕದಲ್ಲೇ ಇರುತ್ತಿತ್ತು.

ಹೋಗುವ ಮುಂಚೆ ನ್ಯೂಟನ್ ತೋಟದ ಕಥೆಯನ್ನೂ ಓದಿಕೊಂಡು ಹೋಗು. ಕ್ರೈಸ್ಟ್ ಚರ್ಚ್ ಭಾಗದ ಆ ತೋಟದಲ್ಲಿ 500ಕ್ಕೂ ಹೆಚ್ಚು ಗುಲಾಮರನ್ನು ಹೂಳಿದ ನೆಲವಿದೆ. 1970ರ ದಶಕದಲ್ಲಿ ಅಲ್ಲಿ ಅಗೆದಾಗ ಒಬ್ಬ ಮುದುಕನ ಗೋರಿ ಸಿಕ್ಕಿತು. ಅವನ ಕತ್ತಿನಲ್ಲೊಂದು ಸರ. ಅದರಲ್ಲಿ ನಾಯಿಯ ಹಲ್ಲು, ಮೀನಿನ ಬೆನ್ನೆಲುಬಿನ ಬಿಲ್ಲೆ, ಗಾಜಿನ ಮಣಿಗಳನ್ನು ಪೋಣಿಸಿದ್ದರು. ಜೊತೆಗೆ ನಾವು ಚೌಕಾಬಾರ ಆಡುವಂಥ ಕವಡೆ, ಅದೂ ಹಿಂದೂ ಮಹಾಸಾಗರದ್ದು. ನಡುವೆ ಒಂದು ದೊಡ್ಡ ಕೆಂಪು ಕಲ್ಲಿನ ಮಣಿ. ಅದು ಗುಜರಾತಿನ ಖಂಭಾತ್‌ನಲ್ಲಿ ಕಡೆದದ್ದಿರಬೇಕೆಂದು ತಜ್ಞರ ಅಭಿಪ್ರಾಯ. ಅವನು ಮದ್ದು ಬಲ್ಲ ಹಿರಿಯನಾಗಿದ್ದಿರಬಹುದೆಂದು ಅಗೆದವರು ಬರೆದಿದ್ದಾರೆ.

ಯೋಚಿಸಿ ನೋಡು. ಆ ಸರ ಬೆಲೆಬಾಳುವಂಥದ್ದು. ಏನೂ ಇಲ್ಲದ ಅವನ ಜನ ಅದನ್ನು ಬಿಚ್ಚಿಟ್ಟುಕೊಳ್ಳಬಹುದಿತ್ತು. ಬಿಚ್ಚಲಿಲ್ಲ, ಅವನ ಕತ್ತಿನಲ್ಲೇ ಬಿಟ್ಟು ಮಣ್ಣು ಮಾಡಿದರು. ಲೆಕ್ಕದ ಪುಸ್ತಕ ಸರಕೆಂದು ಬರೆದವನನ್ನು ಅವರು ಅಜ್ಜನೆಂದೇ ಕಳಿಸಿಕೊಟ್ಟರು.

ಆ ನೆಲಕ್ಕೂ ಹೋಗು, ಸ್ವಲ್ಪ ಹೊತ್ತು ಸುಮ್ಮನೆ ನಿಂತು ಬಾ. ಊರಿಗೆ ಬಂದ ಮೇಲೆ ಕಡಲಿನ ಫೋಟೊ ನಿಧಾನವಾಗಿ ತೋರಿಸುವೆಯಂತೆ. ಮೊದಲು ಮಕ್ಕಳನ್ನು ಕೂರಿಸಿಕೊಂಡು ಆ ಅಜ್ಜನ ಸರದ ಕಥೆ ಹೇಳು.