ಕಣ್ಣಿನ ಬೆಲೆ, ಕನ್ನಡಕದ ಬೆಲೆ: ಸಣ್ಣ ಉದ್ದಿಮೆದಾರರು ಹಾಕಬೇಕಾದ ಒಂದು ಲೆಕ್ಕ

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳ ಪೈಕಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಮುಖ್ಯವಾಗಿ ಕೃಷಿಯನ್ನೇ ನಂಬಿದ ತಾಲ್ಲೂಕುಗಳು. ಶೇಂಗಾ, ಮೆಕ್ಕೆಜೋಳ, ಜೋಳಗಳ ವಹಿವಾಟು ಇಲ್ಲಿನ ಪೇಟೆಗಳ ಜೀವಾಳ. ಈ ಕೃಷಿಗೆ ಆಸರೆಯಾಗಿ ಪ್ರತಿ ಪಟ್ಟಣದಲ್ಲಿಯೂ ಸಣ್ಣ ಉದ್ದಿಮೆಗಳು ಬೆಳೆದಿವೆ. ಟ್ರಾಕ್ಟರ್ ಟ್ರೇಲರ್, ಕುಂಟೆ, ಕೂರಿಗೆಗಳನ್ನು ದುರಸ್ತಿ ಮಾಡುವ ವೆಲ್ಡಿಂಗ್ ಷೆಡ್ಡುಗಳು, ಗೇಟು ಮತ್ತು ಕಿಟಕಿಯ ಗ್ರಿಲ್ ಮಾಡುವವರು, ಬಡಗಿಗಳ ಮನೆಗಳು, ಶೇಂಗಾ ಸುಲಿಯುವ ಮಿಲ್ಲುಗಳು, ಕಲ್ಲು ಕೆಲಸದ ಘಟಕಗಳು ಈ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ಅನೇಕ ಕಡೆ ದುಡಿಯುವವರ ಸಂಖ್ಯೆ ಒಂದು ಕೈಬೆರಳೆಣಿಕೆಯನ್ನು ಮೀರುವುದಿಲ್ಲ.

ಈ ಘಟಕಗಳ ಲೆಕ್ಕಪುಸ್ತಕಗಳಲ್ಲಿ ಕಬ್ಬಿಣ, ವೆಲ್ಡಿಂಗ್ ರಾಡ್, ಗ್ರೈಂಡಿಂಗ್ ವ್ಹೀಲ್, ವಿದ್ಯುತ್ ಬಿಲ್ಲುಗಳ ಖರ್ಚು ಕ್ರಮಬದ್ಧವಾಗಿ ಬರೆದಿರುತ್ತದೆ. ರಕ್ಷಣಾ ಕನ್ನಡಕ ಎಂಬ ಬಾಬ್ತು ಮಾತ್ರ ವಿರಳ. ‘ನಮ್ಮದು ಕಾರ್ಖಾನೆಯಲ್ಲ, ನಾಲ್ಕು ಜನರ ಷೆಡ್ಡು, ನಮಗೆ ಯಾವ ಕಾನೂನು?’ ಎಂಬ ಭಾವನೆ ಇದಕ್ಕೆ ಒಂದು ಕಾರಣ. ‘ಒಂದು ನಿಮಿಷದ ಕೆಲಸ, ಅಷ್ಟಕ್ಕೇಕೆ ಕನ್ನಡಕ?’ ಎಂಬ ಅಭ್ಯಾಸ ಇನ್ನೊಂದು ಕಾರಣ. ಇವೆರಡೂ ತಪ್ಪು ತಿಳಿವಳಿಕೆಗಳೆಂಬುದನ್ನು ಮಾಲೀಕರು ಮನಗಾಣುವುದು ಅವಶ್ಯ.

ಅಪಾಯದ ಸ್ವರೂಪ

ನಾಲ್ಕು ಇಂಚಿನ ಕೈ ಗ್ರೈಂಡರನ್ನೇ ಗಮನಿಸಬಹುದು. ಇಂತಹ ಯಂತ್ರಗಳು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತವೆ. 100 ಮಿ.ಮೀ. ವ್ಯಾಸದ ವ್ಹೀಲಿನ ಅಂಚಿನ ವೇಗವನ್ನು ಈ ಲೆಕ್ಕದಲ್ಲಿ ಗುಣಿಸಿದರೆ ಗಂಟೆಗೆ 200 ಕಿ.ಮೀ. ದಾಟುತ್ತದೆ. ಆ ಅಂಚಿನಿಂದ ಸಿಡಿಯುವ ಕಿಡಿ ಕಣ್ಣು ಮುಚ್ಚುವವರೆಗೆ ಕಾಯುವುದಿಲ್ಲ. ರೆಪ್ಪೆ ಮಿಟುಕಿಸುವ ಮೊದಲೇ ಅದು ಕಣ್ಣಿನ ಪಾರದರ್ಶಕ ಪಟಲ, ಎಂದರೆ ಕಾರ್ನಿಯಾದಲ್ಲಿ ನೆಟ್ಟಿರುತ್ತದೆ. ಕಬ್ಬಿಣದ ಚೂರು ಅಲ್ಲಿಯೇ ಉಳಿದರೆ ಸುತ್ತಲೂ ತುಕ್ಕಿನ ಕಲೆ ಬಿಡುತ್ತದೆ. ಚೂರು ಕಣ್ಣಿನ ಒಳಗೇ ಹೊಕ್ಕರೆ ದೃಷ್ಟಿ ಹೋಗುವ ಸಂಭವವಿರುತ್ತದೆ.

ಒಂದು ಕಣ್ಣು ಕಳೆದುಕೊಂಡ ಕೆಲಸಗಾರನಿಗೆ ಇನ್ನೊಂದು ಕಣ್ಣು ಉಳಿದಿದ್ದರೂ ದೂರ ಮತ್ತು ಆಳದ ಅಂದಾಜು ಮೊದಲಿನಂತೆ ಸಿಗುವುದಿಲ್ಲ. ಮೊಳೆಯ ತಲೆಗೆ ಬೀಳಬೇಕಾದ ಸುತ್ತಿಗೆ ಪಕ್ಕಕ್ಕೆ ಬೀಳುತ್ತದೆ. ವರ್ಷಗಟ್ಟಲೆ ಕಲಿತ ಕಸುಬು ಕೈಯಲ್ಲಿದ್ದೂ ಕೈಗೆ ಹತ್ತುವುದಿಲ್ಲ. ಇದು ಆ ಕುಟುಂಬಕ್ಕೆ ಎಷ್ಟು ದೊಡ್ಡ ನಷ್ಟವೋ, ನುರಿತ ಕೈಯೊಂದನ್ನು ಕಳೆದುಕೊಂಡ ಉದ್ದಿಮೆಗೂ ಅಷ್ಟೇ ದೊಡ್ಡ ನಷ್ಟ.

ಯಾವಾಗ ಧರಿಸಬೇಕು?

ಕೆಲಸ ಎಷ್ಟು ಹೊತ್ತಿನದು ಎಂಬುದು ಇಲ್ಲಿ ಅಳತೆಗೋಲಲ್ಲ. ಉಪಕರಣದಿಂದ ಏನಾದರೂ ಸಿಡಿಯುವುದೇ, ಚೆಲ್ಲುವುದೇ, ಪ್ರಖರ ಬೆಳಕು ಬರುವುದೇ ಎಂಬುದೇ ಅಳತೆಗೋಲು. ಇವುಗಳಲ್ಲಿ ಒಂದಿದ್ದರೂ ಸ್ವಿಚ್ ಹಾಕುವ ಮೊದಲೇ ಕನ್ನಡಕ ಕಣ್ಣಿನ ಮೇಲಿರಬೇಕು.

1. ಗ್ರೈಂಡಿಂಗ್, ಕಟಿಂಗ್, ಡ್ರಿಲ್ಲಿಂಗ್ ಮತ್ತು ತಂತಿ ಬ್ರಷ್ಷಿನಿಂದ ತುಕ್ಕು ತೆಗೆಯುವಾಗ: ಪಕ್ಕದಿಂದಲೂ ಮುಚ್ಚಿರುವ ರಕ್ಷಣಾ ಕನ್ನಡಕ ಬೇಕು. ಗ್ರೈಂಡರ್ ಹಿಡಿದಾಗ ಅದರ ಮೇಲೆ ಮುಖಗವಚವೂ ಇರುವುದು ಕ್ಷೇಮ. ಮುಖಗವಚವೊಂದೇ ಸಾಲದು, ಅದರ ಕೆಳಗಿನಿಂದ ಚೂರು ನುಸುಳುತ್ತದೆ.

2. ಉಳಿ-ಸುತ್ತಿಗೆಯ ಕೆಲಸದಲ್ಲಿ: ಕಲ್ಲು ಒಡೆಯುವಾಗ, ಗೋಡೆ ಕೆತ್ತುವಾಗ, ಬೇರಿಂಗ್ ಅಥವಾ ಪಿನ್ ಬಡಿದು ತೆಗೆಯುವಾಗ ಕನ್ನಡಕ ಬೇಕು. ಗಟ್ಟಿ ಉಕ್ಕಿನ ಮೇಲೆ ಗಟ್ಟಿ ಉಕ್ಕು ಬಿದ್ದಾಗ ಚಕ್ಕೆ ಏಳುತ್ತದೆ. ಹೊಡೆದು ಹೊಡೆದು ತಲೆ ಅರಳಿದ ಉಳಿ ಇನ್ನೂ ಅಪಾಯಕಾರಿ. ಅದನ್ನು ಸಾಣೆ ಹಿಡಿದ ಮೇಲೆಯೇ ಬಳಸಬೇಕು.

3. ವೆಲ್ಡಿಂಗಿನಲ್ಲಿ: ವಿದ್ಯುತ್ ವೆಲ್ಡಿಂಗಿಗೆ ಸೂಕ್ತ ದರ್ಜೆಯ ಕಪ್ಪು ಗಾಜಿನ ಕವಚ ಅನಿವಾರ್ಯ. ಬಿಸಿಲಿನ ಕನ್ನಡಕ ಅದಕ್ಕೆ ಬದಲಿಯಲ್ಲ. ಬರಿಗಣ್ಣಿನಿಂದ ಬೆಳಕು ನೋಡಿದವನಿಗೆ ಆ ಕ್ಷಣ ಏನೂ ಅನಿಸದಿದ್ದರೂ ಕೆಲವು ಗಂಟೆಗಳ ನಂತರ, ಅನೇಕ ವೇಳೆ ರಾತ್ರಿ, ಕಣ್ಣಿಗೆ ಮರಳು ಸುರಿದಂತೆ ಉರಿ ಏಳುತ್ತದೆ. ಬೆಸುಗೆ ಮುಗಿದು ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ತಟ್ಟುವಾಗ ಕವಚ ಎತ್ತುವುದು ವಾಡಿಕೆ. ಚಕ್ಕೆ ಸಿಡಿಯುವುದು ಆಗಲೇ. ಆದ್ದರಿಂದ ಕವಚದ ಒಳಗೆ ಬಿಳಿ ಗಾಜಿನ ರಕ್ಷಣಾ ಕನ್ನಡಕವೂ ಇರಬೇಕು.

4. ಸುಣ್ಣ, ಬ್ಯಾಟರಿ ಆಮ್ಲ, ಕೀಟನಾಶಕ ಮುಂತಾದವುಗಳನ್ನು ಬೆರೆಸುವಾಗ ಅಥವಾ ಸುರಿಯುವಾಗ: ಮುಖಕ್ಕೆ ಪೂರ್ತಿ ಅಂಟಿ ಕೂರುವ ಗಾಗಲ್ ಬೇಕು.

5. ಕಂಪ್ರೆಸರ್ ಗಾಳಿಯಿಂದ ಯಂತ್ರ ಶುಚಿಗೊಳಿಸುವಾಗ, ಶೇಂಗಾ ಸುಲಿಯುವ ಮತ್ತು ಮೆಕ್ಕೆಜೋಳ ಒಕ್ಕುವ ಯಂತ್ರಗಳ ಮುಂದೆ ನಿಂತಾಗ: ಹೊಟ್ಟು, ರವದಿ ತಗುಲಿದ ಗಾಯ ಸಣ್ಣದೆಂದು ಕಂಡರೂ ಅದರಿಂದ ಶಿಲೀಂಧ್ರದ ಸೋಂಕು ತಗುಲಿ ಕಾರ್ನಿಯಾದಲ್ಲಿ ಹುಣ್ಣಾಗಬಹುದು. ದಕ್ಷಿಣ ಭಾರತದ ಗ್ರಾಮೀಣ ಭಾಗಗಳಲ್ಲಿ ದೃಷ್ಟಿನಾಶಕ್ಕೆ ಇದು ಪರಿಚಿತ ಕಾರಣ.

6. ಪಕ್ಕದಲ್ಲಿ ನಿಂತವರಿಗೂ ಇದೇ ನಿಯಮ: ಕಬ್ಬಿಣ ಹಿಡಿದುಕೊಂಡ ಹುಡುಗ, ಟ್ರೇಲರ್ ದುರಸ್ತಿಗೆ ತಂದ ರೈತ, ಮೇಲ್ವಿಚಾರಣೆಗೆ ಬಂದ ಮಾಲೀಕ ಇವರಾರಿಗೂ ವಿನಾಯಿತಿ ಇಲ್ಲ.

ಕೊಳ್ಳುವಾಗ ಕಣ್ಣಿನ ರಕ್ಷಣೆಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 5983, ವೆಲ್ಡಿಂಗ್ ಸಾಧನಗಳಿಗೆ ಐಎಸ್ 1179ರ ಗುರುತನ್ನು ಕೇಳಿ ಪಡೆಯಬೇಕು. ಪಾಲಿಕಾರ್ಬೊನೇಟ್ ಮಸೂರ ಪೆಟ್ಟು ತಾಳುತ್ತದೆ. ಓದಲು ಬಳಸುವ ಸಾಮಾನ್ಯ ಕನ್ನಡಕ ರಕ್ಷಣೆ ನೀಡದು. ಅದನ್ನು ಧರಿಸುವವರಿಗೆ ಅದರ ಮೇಲೆ ಹಾಕಬಹುದಾದ ಗಾಗಲ್ ದೊರೆಯುತ್ತದೆ.

ಕಾನೂನಿನ ಹೊಣೆ

ಕಾರ್ಖಾನೆಗಳ ಅಧಿನಿಯಮ, 1948ರ 35ನೆಯ ಕಲಮು ಕಣ್ಣಿನ ರಕ್ಷಣೆಯನ್ನೇ ಕುರಿತದ್ದಾಗಿತ್ತು. ಆ ಅಧಿನಿಯಮದಲ್ಲಿ ವಿದ್ಯುಚ್ಛಕ್ತಿ ಬಳಸುವಲ್ಲಿ 10 ಮಂದಿ, ಬಳಸದಲ್ಲಿ 20 ಮಂದಿ ಇದ್ದರೆ ಕಾರ್ಖಾನೆ ಎನಿಸುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಈ ಸಂಖ್ಯೆಗಳು 20 ಮತ್ತು 40 ಆಗಿವೆ. ಹೀಗಾಗಿ ಈ ಭಾಗದ ಬಹುತೇಕ ಷೆಡ್ಡುಗಳು ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗುಳಿಯುತ್ತವೆ.

ಆದರೆ ಪರಿಹಾರದ ಹೊಣೆಯಿಂದ ಅವು ಹೊರಗುಳಿಯುವುದಿಲ್ಲ. 1923ರ ಕಾರ್ಮಿಕರ ನಷ್ಟಪರಿಹಾರ ಅಧಿನಿಯಮ 2009ರ ತಿದ್ದುಪಡಿಯಿಂದ ನೌಕರರ ಪರಿಹಾರ ಅಧಿನಿಯಮವಾಯಿತು. ಈಗ ಅದರ ವಿಷಯ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಹೆಸರು ಬದಲಾದರೂ ಲೆಕ್ಕದ ಸೂತ್ರ ಉಳಿದಿದೆ. ವಿದ್ಯುತ್ ಬಳಸಿ ತಯಾರಿಕೆ ನಡೆಯುವ ಸ್ಥಳದಲ್ಲಿ ಒಬ್ಬನೇ ಕೆಲಸಗಾರನಿದ್ದರೂ ಮಾಲೀಕನಿಗೆ ಹೊಣೆಯುಂಟು. ಕಾರ್ಮಿಕ ರಾಜ್ಯ ವಿಮೆಯ ವ್ಯಾಪ್ತಿಗೆ ಒಳಪಟ್ಟ ಕೆಲಸಗಾರನಿಗೆ ಮಾತ್ರ ಆ ವಿಮೆಯಿಂದಲೇ ಸೌಲಭ್ಯ ದೊರೆಯುತ್ತದೆ.

ಉದಾಹರಣೆಗೆ, 30 ವರ್ಷ ವಯಸ್ಸಿನ, ತಿಂಗಳಿಗೆ 15,000 ರೂ. ಪಡೆಯುವ ಕೆಲಸಗಾರನ ಒಂದು ಕಣ್ಣಿನ ದೃಷ್ಟಿ ಹೋಯಿತೆಂದು ಭಾವಿಸಬಹುದು.

ವೇತನದ ಶೇ. 60: 9,000 ರೂ.
30ರ ವಯಸ್ಸಿಗೆ ನಿಗದಿಯಾದ ಗುಣಕ: 207.98
ಪೂರ್ಣ ಅಂಗವಿಕಲತೆಯ ಮೊತ್ತ: 18,71,820 ರೂ.
ಒಂದು ಕಣ್ಣಿನ ದೃಷ್ಟಿನಷ್ಟಕ್ಕೆ ಶೇ. 30: 5,61,546 ರೂ.
ಕಣ್ಣುಗುಡ್ಡೆಯನ್ನೇ ಕಳೆದುಕೊಂಡರೆ ಶೇ. 40: 7,48,728 ರೂ.

ಇದರ ಮೇಲೆ ವೈದ್ಯಕೀಯ ವೆಚ್ಚವನ್ನೂ ಭರಿಸಬೇಕು. ಪಾವತಿ ಒಂದು ತಿಂಗಳು ಮೀರಿದರೆ ಶೇ. 12ರ ಬಡ್ಡಿ ಸೇರುತ್ತದೆ. ವಿಳಂಬಕ್ಕೆ ಸಮರ್ಥ ಕಾರಣವಿಲ್ಲದಿದ್ದರೆ ದಂಡವೂ ಬೀಳಬಹುದು. ‘ಹಿರಿಯರನ್ನು ಕೂಡಿಸಿ, ಇಪ್ಪತ್ತು ಸಾವಿರ ಕೊಟ್ಟು, ಕಾಗದಕ್ಕೆ ಸಹಿ ಮಾಡಿಸಿಕೊಂಡೆವು’ ಎಂಬ ರಾಜಿ ಈ ಹೊಣೆಯನ್ನು ತೀರಿಸುವುದಿಲ್ಲ. ಸಕ್ಷಮ ಪ್ರಾಧಿಕಾರದಲ್ಲಿ ನೋಂದಣಿಯಾಗದ ಒಪ್ಪಂದ ಮಾಲೀಕನಿಗೆ ರಕ್ಷಣೆ ನೀಡದು. ಪೂರ್ಣ ಮೊತ್ತದ ಬೇಡಿಕೆ ಮುಂದೆ ಬಂದೇ ಬರಬಹುದು.

ಇನ್ನೊಂದು ಮಗ್ಗುಲೂ ಇದೆ. ಸುರಕ್ಷತೆಗಾಗಿ ಸ್ಪಷ್ಟವಾಗಿ ವಿಧಿಸಿದ ನಿಯಮವನ್ನು ಕೆಲಸಗಾರ ಬೇಕೆಂದೇ ಮೀರಿದ್ದರೆ, ಅಥವಾ ಒದಗಿಸಿದ ಸಾಧನವನ್ನು ಬೇಕೆಂದೇ ಕಡೆಗಣಿಸಿದ್ದರೆ, ಮರಣ ಮತ್ತು ಶಾಶ್ವತ ಪೂರ್ಣ ಅಂಗವಿಕಲತೆಯಲ್ಲದ ಪ್ರಕರಣಗಳಲ್ಲಿ ಮಾಲೀಕ ಆಕ್ಷೇಪಣೆ ಎತ್ತಲು ಕಾನೂನು ಅವಕಾಶ ನೀಡಿದೆ. ಆದರೆ ಕನ್ನಡಕವನ್ನೇ ಕೊಡದ ಮಾಲೀಕ ಈ ಮಾತನ್ನು ಹೇಗೆ ಆಡಿಯಾನು? ಕೊಟ್ಟೂ ಧರಿಸದೆ ಕೆಲಸ ಮಾಡುವುದನ್ನು ದಿನವೂ ಕಣ್ಣಾರೆ ಕಂಡು ಸುಮ್ಮನಿದ್ದವನ ಮಾತಿಗೂ ಬಲವಿರುವುದಿಲ್ಲ.

ಖರ್ಚಿನ ಹೋಲಿಕೆ

ಐದು ಜನರ ಷೆಡ್ಡಿಗೆ ತಲಾ ಎರಡರಂತೆ ವರ್ಷಕ್ಕೆ ಹತ್ತು, ಬಂದುಹೋಗುವವರಿಗೆಂದು ಎರಡು, ಒಟ್ಟು ಹನ್ನೆರಡು ಕನ್ನಡಕಗಳು. ಒಂದಕ್ಕೆ 250 ರೂ. ಎಂದು ಹಿಡಿದರೆ 3,000 ರೂ. ಮೇಲಿನ 5,61,546 ರೂ.ಗಳಲ್ಲಿ ಇಂತಹ 187 ವರ್ಷಗಳ ಕನ್ನಡಕಗಳು ಬರುತ್ತವೆ. ಈ ಖರ್ಚು ವ್ಯವಹಾರದ ಕಂದಾಯ ವೆಚ್ಚವೇ ಆದ್ದರಿಂದ ಬಿಲ್ಲು ಪಡೆದು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಇದರ ಜೊತೆಗೆ ನೌಕರರ ಪರಿಹಾರ ಪಾಲಿಸಿ ಪಡೆಯುವುದು ವಿವೇಕ. ಕಂತು ಉಳಿಸಲೆಂದು ಐವರಲ್ಲಿ ಇಬ್ಬರ ಹೆಸರನ್ನಷ್ಟೇ ಘೋಷಿಸಿದರೆ, ಗಾಯಗೊಂಡವನು ಮೂರನೆಯವನಾದಾಗ ಪಾಲಿಸಿ ಉಪಯೋಗಕ್ಕೆ ಬರುವುದಿಲ್ಲ. ವೈದ್ಯಕೀಯ ವೆಚ್ಚ ಪಾಲಿಸಿಯಲ್ಲಿ ಸೇರಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಆಚರಣೆಗೆ ತರುವ ಬಗೆ

ಕೆಲಸಗಾರರು ಕನ್ನಡಕವನ್ನು ಹಣೆಯ ಮೇಲೇರಿಸಲು ಕಾರಣಗಳಿರುತ್ತವೆ. ಬೇಸಿಗೆಯ ಬೆವರಿಗೆ ಗಾಜು ಮಬ್ಬಾಗುತ್ತದೆ, ಗೀರು ಬಿದ್ದು ಕಾಣದಂತಾಗುತ್ತದೆ, ಇನ್ನೊಬ್ಬರು ಬಳಸಿದ್ದನ್ನು ಹಾಕಿಕೊಳ್ಳಲು ಹೇಸಿಗೆಯಾಗುತ್ತದೆ. ಆದುದರಿಂದ ಪ್ರತಿಯೊಬ್ಬನಿಗೂ ಅವನದೇ ಹೆಸರಿನ ಕನ್ನಡಕವಿರಲಿ. ಗಾಳಿಯಾಡುವ ಮಾದರಿಯದನ್ನು ಆರಿಸಲಿ. ಗೀರು ಬಿದ್ದದ್ದನ್ನು ಚೌಕಾಶಿ ಇಲ್ಲದೆ ಬದಲಿಸಲಿ. ಕೊಟ್ಟ ದಿನಾಂಕ ಮತ್ತು ಸಹಿಗೆ ಒಂದು ರಿಜಿಸ್ಟರ್ ಇಟ್ಟು, ನಿಯಮವನ್ನು ಕನ್ನಡದಲ್ಲಿ ಬರೆದು ಗ್ರೈಂಡರ್ ಸ್ವಿಚ್ಚಿನ ಪಕ್ಕದಲ್ಲಿ ಅಂಟಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಮಾಲೀಕ ತಾನೂ ಧರಿಸಬೇಕು.

ಇಷ್ಟಾಗಿಯೂ ಅವಘಡ ಸಂಭವಿಸಿದರೆ ಕಣ್ಣು ಉಜ್ಜಬಾರದು. ಪಂಚೆಯ ತುದಿ, ಸೂಜಿ, ನಾಲಿಗೆಯಿಂದ ಕಸ ತೆಗೆಯುವುದು, ಎದೆಹಾಲು ಅಥವಾ ಎಣ್ಣೆ ಬಿಡುವುದು, ಔಷಧದ ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕುವುದು ಇವೆಲ್ಲ ಸೋಂಕಿಗೆ ದಾರಿ. ಸುಣ್ಣ ಅಥವಾ ಆಮ್ಲ ಬಿದ್ದರೆ ಮಾತ್ರ ಒಡನೆಯೇ ಶುದ್ಧ ನೀರಿನಿಂದ ಕನಿಷ್ಠ 15ರಿಂದ 30 ನಿಮಿಷ ಎಡೆಬಿಡದೆ ತೊಳೆದು, ಅನಂತರ ಆಸ್ಪತ್ರೆಗೆ ಕರೆದೊಯ್ಯಬೇಕು. ಚೂರು ನೆಟ್ಟಿದ್ದರೆ ಅದನ್ನು ಕೀಳದೆ, ಕಣ್ಣನ್ನು ಒತ್ತದೆ, ಮೇಲೆ ಒಂದು ಬಟ್ಟಲು ಬೋರಲಿಟ್ಟಂತೆ ಮುಚ್ಚಿ ಅಂದೇ ನೇತ್ರತಜ್ಞರಲ್ಲಿಗೆ ಒಯ್ಯಬೇಕು. ಈ ತಾಲ್ಲೂಕುಗಳಿಂದ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿ ಯಾವುದೂ ಹತ್ತಿರವಲ್ಲ. ‘ನಾಳೆ ನೋಡೋಣ’ ಎನ್ನುವ ಒಂದು ರಾತ್ರಿಯಲ್ಲಿ ದೃಷ್ಟಿ ಕೈತಪ್ಪಬಹುದು.

ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವ ಪದ್ಧತಿ ಪ್ರತಿ ಉದ್ದಿಮೆಯಲ್ಲಿಯೂ ಉಂಟು. ಈ ಬಾರಿ ಆ ಪಟ್ಟಿಯಲ್ಲಿ ಗ್ರೈಂಡರುಗಳೆಷ್ಟು, ಕೆಲಸಗಾರರೆಷ್ಟು, ಗೀರಿಲ್ಲದ ಕನ್ನಡಕಗಳೆಷ್ಟು ಎಂಬುದನ್ನೂ ಎಣಿಸಿ ಬರೆಯುವುದು ಉಚಿತ. ಮೂರನೆಯ ಸಂಖ್ಯೆ ಎರಡನೆಯದಕ್ಕಿಂತ ಕಡಿಮೆಯಿದ್ದರೆ, ಮರುದಿನ ಷೆಡ್ಡಿನ ಬಾಗಿಲು ತೆರೆಯುವ ಮೊದಲು ಆ ಕೊರತೆಯನ್ನು ತುಂಬಬೇಕು.